ಸೆರೆಯಲ್ಲಿರುವವರ ಮಕ್ಕಳು ಯಾರ ಮಕ್ಕಳು?

ಓದಿಗೆ: ಯೆಹೆಜ್ಕೇಲ 18ನೇ ಅಧ್ಯಾಯ, ಯೊವಾನ್ನ 9:1-3, ಯೊವಾನ್ನ 19:25-27



ಸೆರೆಮನೆಯಲ್ಲಿರುವವರನ್ನು ಸಂದರ್ಶಿಸುವುದು ಧರ್ಮಸಭೆ ನಮಗೆ ಕಲಿಸಿರುವ ದಯಾಕಾರ್ಯಗಳಲ್ಲಿ ಒಂದು. ಚಿಕ್ಕಂದಿನಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೇವೆ. ಅಂತಿಮ ತೀರ್ಪಿನ ದಿನ ಪ್ರಭು ನಮ್ಮಿಂದ ಲೆಕ್ಕ ಕೇಳುವ ವಿಷಯಗಳಲ್ಲಿ ಇದೂ ಸೇರಿದೆ ಎಂದು ಸಂತ ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ತಿಳಿಸುತ್ತದೆ. ಆದರೆ ಸೆರೆ ಸೇರಿದವನ ಮನೆಯಲ್ಲಿ ಉಳಿದ ಮಕ್ಕಳ ಮಾತು ನಮ್ಮ ಕೂಟಗಳಲ್ಲಿ, ಪ್ರಾರ್ಥನೆಗಳಲ್ಲಿ ಅಪರೂಪಕ್ಕೂ ಬರುವುದಿಲ್ಲ. ಆ ಮಕ್ಕಳು ಯಾರ ಹೊಣೆ? ಈ ವಾರ ನಮ್ಮ ಕುಟುಂಬಗಳು ಈ ಪ್ರಶ್ನೆಯನ್ನು ದೇವರ ವಾಕ್ಯದ ಬೆಳಕಿನಲ್ಲಿ ಧ್ಯಾನಿಸಲಿ.

ಒಂದು ಮನೆಯ ಚಿತ್ರ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿಯಾದರೂ ಇರಬಹುದಾದ ಒಂದು ಮನೆಯನ್ನು ಊಹಿಸಿಕೊಳ್ಳಿ. ಗಂಡ ರೇಷ್ಮೆ ಫಿಲೇಚರ್‌ನಲ್ಲಿ ಕೂಲಿ. ಜಮೀನಿನ ವ್ಯಾಜ್ಯ ಹೊಡೆದಾಟಕ್ಕೆ ತಿರುಗಿ, ಒಬ್ಬರಿಗೆ ಬಲವಾದ ಪೆಟ್ಟಾಗಿ, ಪೊಲೀಸರು ಅವನನ್ನು ಕರೆದೊಯ್ಯುತ್ತಾರೆ. ಅಂದಿನಿಂದ ಆ ಮನೆಗೆ ಕೂಲಿ ಹಣ ಬರುವುದಿಲ್ಲ. ವಕೀಲರ ಫೀಸಿಗೆ ಹೆಂಡತಿಯ ಓಲೆ ಅಡವಿಗೆ ಹೋಗುತ್ತದೆ. ಅವಳು ಬೆಳಗಾಗುವ ಮುನ್ನ ಕೆಲಸಕ್ಕೆ ಹೊರಡಬೇಕಾದ್ದರಿಂದ ಒಂಬತ್ತನೇ ತರಗತಿಯ ಮಗಳು ಶಾಲೆ ಬಿಟ್ಟು ತಮ್ಮನನ್ನು ನೋಡಿಕೊಳ್ಳುತ್ತಾಳೆ. ಅಪ್ಪ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾರೆ ಎಂದು ಅಜ್ಜಿ ಚಿಕ್ಕವನಿಗೆ ಹೇಳಿರುತ್ತಾರೆ. ನಿಜ ಏನೆಂಬುದನ್ನು ಅವನು ಒಂದು ದಿನ ಶಾಲೆಯ ಅಂಗಳದಲ್ಲಿ, ಜೊತೆಯ ಹುಡುಗರ ಬಾಯಿಂದ ಕೇಳುತ್ತಾನೆ. ಮರುದಿನದಿಂದ ಅವನಿಗೆ ಬೆಳಗಾದರೆ ಹೊಟ್ಟೆನೋವು.

ಭಾನುವಾರ ಪೂಜೆಗೆ ಬರುವಾಗ ಆ ತಾಯಿ ಹಿಂದಿನ ಸಾಲಿನಲ್ಲಿ ಕೂರುತ್ತಾಳೆ, ಪೂಜೆ ಮುಗಿಯುವ ಮುನ್ನವೇ ಎದ್ದು ಹೋಗುತ್ತಾಳೆ. ಕೆಲವು ತಿಂಗಳ ಮೇಲೆ ಬರುವುದನ್ನೇ ನಿಲ್ಲಿಸುತ್ತಾಳೆ. ನ್ಯಾಯಾಲಯ ಇನ್ನೂ ತೀರ್ಪು ಕೊಟ್ಟಿಲ್ಲ. ಆದರೆ ಆ ಮನೆಯ ಮಕ್ಕಳ ಶಿಕ್ಷೆ ಆಗಲೇ ಆರಂಭವಾಗಿದೆ.

ಇಂಥ ಮನೆಗಳು ಎಷ್ಟಿವೆ? ಕೇಂದ್ರ ಸರ್ಕಾರದ ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಯಂತೆ 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ವಿಚಾರಣಾಧೀನರು, ಅಂದರೆ ಅಪರಾಧ ಇನ್ನೂ ಸಾಬೀತಾಗದವರು. ತಾಯಂದಿರ ಜೊತೆ ಸೆರೆಮನೆಯೊಳಗೇ ಇದ್ದ ಮಕ್ಕಳು 1,764. ಆ ತಾಯಂದಿರು 1,537. ಒಳಗಿರುವ ಮಗುವನ್ನು ಸರ್ಕಾರ ಎಣಿಸುತ್ತದೆ. ಹೊರಗೆ, ಅಜ್ಜಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯ ಜಗುಲಿಯಲ್ಲೋ ಬೆಳೆಯುವ ಮಗುವಿನ ಲೆಕ್ಕ ಆ ವರದಿಯಲ್ಲಿಲ್ಲ. ಆ ಮಗುವನ್ನು ಬಲ್ಲವರು ನೆರೆಮನೆಯವರು, ಶಾಲೆಯ ಟೀಚರು, ಧರ್ಮಕೇಂದ್ರದ ಗುರುಗಳು ಮಾತ್ರ. ಆದ್ದರಿಂದ ಅದರ ಪರವಾಗಿ ಮಾತಾಡುವ ಹೊಣೆಯೂ ಇವರ ಮೇಲೆಯೇ ಬರುತ್ತದೆ.

ಗಾದೆಯನ್ನು ತಿರಸ್ಕರಿಸಿದ ದೇವರು

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆ ನಮ್ಮಲ್ಲಿದೆ. ರೇಷ್ಮೆಯ ಸೀಮೆಯವರಾದ ನಮಗೆ ಇದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನೂಲಿನ ಮಟ್ಟಿಗೆ ಅದು ನಿಜ. ಆದರೆ ಸೆರೆಯಲ್ಲಿರುವವನ ಮಗನನ್ನು ನೋಡಿ ಈ ಮಾತನ್ನು ಆಡಿದಾಗ ಅದು ಕಲ್ಲೆಸೆದಂತೆ.

ಇಸ್ರಯೇಲರಲ್ಲೂ ಇಂಥದೇ ಒಂದು ಗಾದೆ ಇತ್ತು. ಹೆತ್ತವರು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬುದು ಅದರ ಭಾವ. ಪ್ರವಾದಿ ಯೆಹೆಜ್ಕೇಲನ ಮೂಲಕ ದೇವರು ಈ ಗಾದೆಯನ್ನು ಇನ್ನು ಮುಂದೆ ಯಾರೂ ಆಡಕೂಡದೆಂದು ತಡೆಯುತ್ತಾರೆ. ತಂದೆಯ ಅಪರಾಧದ ಹೊರೆಯನ್ನು ಮಗ ಹೊರಬೇಕಾಗಿಲ್ಲ, ಮಗನದನ್ನು ತಂದೆಯೂ ಹೊರಬೇಕಾಗಿಲ್ಲ. ಪ್ರತಿಯೊಬ್ಬರ ಜೀವವೂ ದೇವರದೇ ಎಂದು ಆ ಅಧ್ಯಾಯ ಸ್ಪಷ್ಟವಾಗಿ ಸಾರುತ್ತದೆ. ಮೂರು ನಾಲ್ಕು ತಲೆಮಾರಿನವರೆಗೆ ಪಾಪದ ಫಲ ಬರುತ್ತದೆಂಬ ವಿಮೋಚನಾಕಾಂಡದ ಮಾತನ್ನು ಹಿಡಿದು ವಾದಿಸುವವರು ಯೆಹೆಜ್ಕೇಲನನ್ನೂ ಓದಬೇಕು. ಪಾಪದ ನೋವು ಮಕ್ಕಳವರೆಗೆ ಹರಿಯುವುದು ನಾವು ಕಣ್ಣಾರೆ ಕಾಣುವ ಸತ್ಯ. ಆ ನೋವಿಗೆ ದೋಷಾರೋಪವನ್ನೂ ಸೇರಿಸುವ ಅಧಿಕಾರ ನಮಗಿಲ್ಲ.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಯಾರ ಪಾಪದಿಂದ ಹೀಗಾಯಿತು, ಇವನದೋ ಹೆತ್ತವರದೋ ಎಂದು ಕೇಳಿದರು. ಪ್ರಭು ಎರಡನ್ನೂ ಅಲ್ಲಗಳೆದು, ದೇವರ ಕಾರ್ಯ ಅವನಲ್ಲಿ ಪ್ರಕಟವಾಗಬೇಕೆಂದರು. ಅನಂತರ ಅವನ ಕಣ್ಣು ತೆರೆಸಿದರು. ಕಷ್ಟದಲ್ಲಿರುವ ಮಗುವಿನ ಮುಂದೆ ನಾವು ಕೇಳಬೇಕಾದ ಪ್ರಶ್ನೆ ಇದು: ಇವನಲ್ಲಿ ದೇವರ ಕಾರ್ಯ ನಡೆಯಲು ನಾನು ಏನು ಮಾಡಬಲ್ಲೆ?

ಶಿಲುಬೆಯ ಮೇಲಿಂದ ಮಾಡಿದ ಏರ್ಪಾಡು

ನಮ್ಮ ಪ್ರಭು ಬಂಧನಕ್ಕೊಳಗಾದವರು, ವಿಚಾರಣೆ ಎದುರಿಸಿದವರು, ಮರಣದಂಡನೆಗೆ ಗುರಿಯಾದವರು. ಅವರ ತಾಯಿ ಮರಿಯಮ್ಮನವರು ಜನರ ಕಣ್ಣಿಗೆ ಅಂದು ಒಬ್ಬ ಅಪರಾಧಿಯ ತಾಯಿ. ಶಿಲುಬೆಹಾದಿಯ ನಾಲ್ಕನೆಯ ಸ್ಥಳದಲ್ಲಿ ಪ್ರತಿ ತಪಸ್ಸುಕಾಲವೂ ಮೊಣಕಾಲೂರುವ ನಾವು ಇದನ್ನು ಮರೆಯಬಾರದು. ಪ್ರಾಣ ಹೋಗುವ ವೇಳೆಯಲ್ಲಿ ಪ್ರಭು ಮಾಡಿದ ಕೊನೆಯ ಏರ್ಪಾಡುಗಳಲ್ಲಿ ಒಂದು, ಹಿಂದೆ ಉಳಿಯಲಿರುವ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದ್ದು. ಆ ಗಳಿಗೆಯಿಂದಲೇ ಶಿಷ್ಯ ಆಕೆಯನ್ನು ತನ್ನ ಮನೆಗೆ ಸೇರಿಸಿಕೊಂಡನೆಂದು ಶುಭಸಂದೇಶ ಹೇಳುತ್ತದೆ. ಶಿಕ್ಷೆಗೊಳಗಾದವನ ಮನೆಯವರನ್ನು ತನ್ನವರೆಂದು ಸ್ವೀಕರಿಸುವುದು ಶಿಷ್ಯನ ಕೆಲಸ ಎಂಬುದನ್ನು ನಾವು ಕಲಿಯಬೇಕಾದದ್ದು ಅಲ್ಲಿ, ಶಿಲುಬೆಯ ಬುಡದಲ್ಲಿ.

ಇದನ್ನು ಬದುಕಿ ತೋರಿಸಿದವರು ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ. 1941ರಲ್ಲಿ ಆಶ್ವಿಟ್ಜ್ ಸೆರೆಶಿಬಿರದಿಂದ ಒಬ್ಬ ಕೈದಿ ಕಾಣೆಯಾದಾಗ ಅದಕ್ಕೆ ಪ್ರತಿಯಾಗಿ ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಆರಿಸಲಾಯಿತು. ಅವರಲ್ಲೊಬ್ಬ, ಫ್ರಾನ್ಸಿಸೆಕ್ ಗಯೋವ್ನಿಚೆಕ್ ಎಂಬಾತ, ತನ್ನ ಹೆಂಡತಿ ಮಕ್ಕಳನ್ನು ನೆನೆದು ಅತ್ತ. ಅದೇ ಶಿಬಿರದ ಕೈದಿಯಾಗಿದ್ದ ಫಾದರ್ ಕೋಲ್ಬೆ ಅವನ ಬದಲಿಗೆ ತಾವು ಮುಂದೆ ಬಂದರು. ಅವನಿಗೆ ಹೆಂಡತಿ ಮಕ್ಕಳಿದ್ದಾರೆ ಎಂಬುದೇ ಅವರು ಕೊಟ್ಟ ಕಾರಣ. ಆಗಸ್ಟ್ 14ರಂದು ಅವರು ಪ್ರಾಣ ಬಿಟ್ಟರು. 1982ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲರು ಅವರನ್ನು ಸಂತರೆಂದು ಘೋಷಿಸಿದಾಗ ಗಯೋವ್ನಿಚೆಕ್ ಅಲ್ಲಿ ಹಾಜರಿದ್ದರು. 1981ರಲ್ಲಿ ಕೇರಳದಲ್ಲಿ ಇಬ್ಬರು ಗುರು ಅಭ್ಯರ್ಥಿಗಳಿಂದ ಆರಂಭವಾಗಿ ಇಂದು ದೇಶದ ಕಥೋಲಿಕ ಧರ್ಮಸಭೆಯ ಸೇವೆಯಾಗಿ ಬೆಳೆದಿರುವ ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಇವರನ್ನೇ ಪಾಲಕ ಸಂತರನ್ನಾಗಿ ಆರಿಸಿಕೊಂಡಿದೆ. ಆಗಸ್ಟ್ ತಿಂಗಳ ಎರಡನೆಯ ಭಾನುವಾರವನ್ನು ಸೆರೆಮನೆ ಸೇವೆಯ ಭಾನುವಾರವಾಗಿ ಆಚರಿಸುವುದು ವಾಡಿಕೆ. ಅಂದು ಸೆರೆಯಲ್ಲಿರುವವರ ಜೊತೆಗೆ ಅವರ ಮಕ್ಕಳನ್ನೂ ವಿಶ್ವಾಸಿಗಳ ಬಿನ್ನಹಗಳಲ್ಲಿ ಸೇರಿಸಿಕೊಳ್ಳಬಹುದಲ್ಲವೆ?

ಕಾನೂನು ಏನು ಹೇಳುತ್ತದೆ?

ಪ್ರಾರ್ಥನೆಯ ಜೊತೆಗೆ ತಿಳಿವಳಿಕೆಯೂ ಬೇಕು. ಹಕ್ಕು ಯಾವುದೆಂದು ಗೊತ್ತಿಲ್ಲದವನು ಇನ್ನೊಬ್ಬರ ಪರವಾಗಿ ಮಾತನಾಡಲಾರ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಹೆತ್ತವರ ಸ್ಥಿತಿಗತಿ ಅಥವಾ ಕೃತ್ಯಗಳ ಕಾರಣಕ್ಕೆ ಮಗುವಿಗೆ ಭೇದ ಮಾಡಬಾರದು, ಅಗಲಿದ ತಂದೆತಾಯಿಯರೊಡನೆ ಸಂಪರ್ಕ ಇಟ್ಟುಕೊಳ್ಳುವುದು ಮಗುವಿನ ಹಕ್ಕು ಎಂದು ಅದು ಹೇಳುತ್ತದೆ. ಮಗುವಿನ ಹಿತಕ್ಕೆ ಧಕ್ಕೆ ಬರುವ ಸಂದರ್ಭ ಮಾತ್ರ ಇದಕ್ಕೆ ಹೊರತು.

2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಮುಖ್ಯವಾದ ನಿರ್ದೇಶನಗಳನ್ನು ಕೊಟ್ಟಿತು. ತಾಯಿಯೊಡನೆ ಸೆರೆಮನೆಯಲ್ಲಿರುವ ಮಗುವನ್ನು ಕೈದಿಯಂತೆ ಕಾಣಕೂಡದು. ಅದಕ್ಕೆ ಊಟ, ಬಟ್ಟೆ, ಔಷಧೋಪಚಾರ, ಶಿಕ್ಷಣ, ಆಟಪಾಠ ಎಲ್ಲವೂ ಹಕ್ಕಾಗಿ ದೊರೆಯಬೇಕು. ಆರು ವರ್ಷದವರೆಗೆ ಮಗು ತಾಯಿಯ ಜೊತೆ ಇರಬಹುದು. ಆ ಮೇಲೆ ಬಂಧುಗಳ ಮನೆಯಲ್ಲೋ ಪಾಲನಾ ಸಂಸ್ಥೆಯಲ್ಲೋ ಬೆಳೆಯಬೇಕು. ಸರ್ಕಾರಿ ಪಾಲನಾಗೃಹದಲ್ಲಿರುವ ಮಗುವಿಗೆ ವಾರಕ್ಕೊಮ್ಮೆಯಾದರೂ ತಾಯಿಯ ಭೇಟಿ ಆಗಬೇಕು. ಸೆರೆಯಲ್ಲಿರುವಾಗ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ ಸೆರೆಮನೆಯ ಹೆಸರು ಬರಕೂಡದು, ಆ ಬಡಾವಣೆಯ ವಿಳಾಸ ಮಾತ್ರ ಇರಬೇಕು. ಒಂದು ಹಾಳೆಯ ಮೇಲಿನ ಒಂದು ಪದ ಮಗುವಿನ ಇಡೀ ಬಾಳಿಗೆ ಕಳಂಕವಾಗಬಾರದೆಂದು ನ್ಯಾಯಾಲಯ ಇಷ್ಟು ಎಚ್ಚರ ವಹಿಸಿದೆ. ನಮ್ಮ ನಾಲಿಗೆಗೂ ಅಷ್ಟೇ ಎಚ್ಚರ ಇರಬೇಡವೆ?

2015ರ ಬಾಲನ್ಯಾಯ ಕಾಯಿದೆಯಂತೆ ಪ್ರತಿ ಜಿಲ್ಲೆಯಲ್ಲೂ ಮಕ್ಕಳ ಕಲ್ಯಾಣ ಸಮಿತಿ, ಮಕ್ಕಳ ರಕ್ಷಣಾ ಘಟಕ ಇರುತ್ತವೆ. 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೊಸ ಹೆಸರು ಪಡೆದ ನಮ್ಮ ಜಿಲ್ಲೆಗೂ ರಾಮನಗರವೇ ಜಿಲ್ಲಾಕೇಂದ್ರ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ನೆರವಿದೆ. ಮಗುವನ್ನು ಸಂಸ್ಥೆಗೆ ಸೇರಿಸದೆ ಮನೆಯವರ ಬಳಿಯೇ ಉಳಿಸಿಕೊಂಡು ಓದಿಸಲು ಅರ್ಹ ಮಗುವಿಗೆ 18 ವರ್ಷದವರೆಗೆ ತಿಂಗಳಿಗೆ 4,000 ರೂಪಾಯಿ ಕೊಡುವ ಏರ್ಪಾಡಿದು. ಕುಟುಂಬದ ವರ್ಷದ ವರಮಾನ ಹಳ್ಳಿಗಳಲ್ಲಿ 72,000, ಇತರ ಕಡೆ 96,000 ರೂಪಾಯಿ ಮೀರಿರಬಾರದು. ಅರ್ಜಿಯಲ್ಲಿ ಸಂಗತಿಯನ್ನು ಮುಚ್ಚಿಡದೆ ಬರೆಯಿರಿ: ತಂದೆ ಸೆರೆಯಲ್ಲಿದ್ದಾನೆ, ದುಡಿಯುವವರು ಯಾರು, ಮಗು ಯಾರ ಬಳಿ ಇದೆ, ಶಾಲೆ ಬಿಡುವ ಸ್ಥಿತಿ ಬಂದಿದೆಯೆ ಎಂಬುದನ್ನೆಲ್ಲ ತಿಳಿಸಿರಿ. ತೀರ್ಮಾನ ಅಧಿಕಾರಿಗಳದು, ಆದರೆ ಅರ್ಜಿ ಹೋಗದೆ ತೀರ್ಮಾನವೂ ಆಗದು. ಮಗು ಅಪಾಯದಲ್ಲಿದ್ದರೆ ಯಾವ ಹೊತ್ತಿನಲ್ಲಾದರೂ 1098ಕ್ಕೆ ಕರೆ ಮಾಡಬಹುದು.

ವಕೀಲರನ್ನು ಇಡಲು ಹಣವಿಲ್ಲದೆ ಓಲೆ, ಹಸು ಮಾರುವ ಮನೆಗಳು ಇನ್ನೊಂದು ವಿಷಯ ತಿಳಿಯಬೇಕು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಬಂಧನದಲ್ಲಿರುವ ಪ್ರತಿಯೊಬ್ಬರಿಗೂ, ಹೆಂಗಸರಿಗೂ, ಮಕ್ಕಳಿಗೂ ಉಚಿತ ಕಾನೂನು ನೆರವು ದೊರೆಯುತ್ತದೆ. ಇದಕ್ಕಾಗಿ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. 15100ಕ್ಕೆ ಕರೆಯನ್ನೂ ಮಾಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಯಾಗದ ವಿಚಾರಣಾಧೀನ ವ್ಯಕ್ತಿ ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅವಕಾಶವಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧಗಳಿಗೆ, ಹಲವು ಪ್ರಕರಣಗಳು ಬಾಕಿ ಇರುವವರಿಗೆ ಇದು ಅನ್ವಯಿಸದು. ನಮ್ಮ ಧರ್ಮಕೇಂದ್ರಗಳಲ್ಲಿರುವ ವಕೀಲರು ತಿಂಗಳಿಗೊಂದು ಸಂಜೆ ಇಂಥ ಮನೆಯವರ ಕಾಗದಪತ್ರ ನೋಡಿಕೊಟ್ಟರೆ ಅದೂ ದೊಡ್ಡ ದಯಾಕಾರ್ಯ.

ನಾವು ಮಾಡಬಹುದಾದದ್ದು

ಒಂದು, ಬಾಯಿಗೆ ಬೀಗ. ಪ್ರಕರಣದ ವಿವರಗಳನ್ನು ಕೆದಕಬೇಡಿರಿ. ನಮ್ಮ ಮಕ್ಕಳ ಎದುರಿಗೆ ಆ ಮನೆಯ ಮಾತು ಆಡದಿರೋಣ. ಶಾಲೆಯ ಅಂಗಳದಲ್ಲಿ ಕೇಳಿಬರುವ ಹೀಯಾಳಿಕೆ ಹಿರಿಯರ ಜಗುಲಿಯ ಮಾತಿನಿಂದಲೇ ಹುಟ್ಟಿದ್ದು.

ಎರಡು, ಮಗುವಿಗೆ ನಿಜ ಹೇಳಲು ಮನೆಯವರಿಗೆ ಧೈರ್ಯ ಕೊಡುವುದು. ಅಪ್ಪ ತಪ್ಪು ಮಾಡಿದ್ದಾರೆಂದು ದೂರು ಬಂದಿದೆ, ಜಡ್ಜ್ ವಿಚಾರಣೆ ಮಾಡುತ್ತಿದ್ದಾರೆ, ಅಲ್ಲಿಯವರೆಗೆ ಅಪ್ಪ ಸೆರೆಮನೆಯಲ್ಲಿರಬೇಕು, ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ ಎಂದು ವಯಸ್ಸಿಗೆ ತಕ್ಕಂತೆ ಪ್ರೀತಿಯಿಂದ ಹೇಳಬಹುದು. ಸುಳ್ಳು ಹೇಳಿ ಬೆಳೆಸಿದ ಮಗು ನಿಜ ಗೊತ್ತಾದ ದಿನ ಹೇಳಿದವರನ್ನೂ ನಂಬದಾಗುತ್ತದೆ.

ಮೂರು, ಶಾಲೆಯಲ್ಲಿ ಪರವಾಗಿ ನಿಲ್ಲುವುದು. ಸಂಕೋಚದಿಂದ ಶಾಲೆಗೆ ಕಾಲಿಡದ ತಾಯಿಯ ಜೊತೆ ಒಬ್ಬರು ಹೋಗಿ ಮುಖ್ಯೋಪಾಧ್ಯಾಯರನ್ನು ಗುಟ್ಟಾಗಿ ಕಂಡು ಬರಬೇಕು. ಊರು ಬದಲಿಸಿದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ನಮ್ಮ ಗುರುಗಳೂ ಸಿಸ್ಟರುಗಳೂ ನಡೆಸುವ ಶಾಲೆಗಳು ಇಂಥ ಮಕ್ಕಳಿಗೆ ಸದ್ದಿಲ್ಲದೆ ಒಂದೆರಡು ಜಾಗ ಕಾದಿರಿಸಿದರೆ ಅದೇ ಸಾಕ್ಷಿ.

ನಾಲ್ಕು, ಭೇಟಿಯ ದಾರಿ ಸುಗಮಗೊಳಿಸುವುದು. ಪರಪ್ಪನ ಅಗ್ರಹಾರಕ್ಕೋ ಮೈಸೂರಿಗೋ ಹೋಗಬೇಕಾದರೆ ರೈಲಿಲ್ಲದ ಮಾಗಡಿ, ಕನಕಪುರಗಳ ತಾಯಿ ಬಸ್ಸು ಬದಲಿಸುತ್ತ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಾಳೆ. ವಿನ್ಸೆಂಟ್ ದೆ ಪೌಲ್ ಸಭೆಯವರು ಬಸ್ ಚಾರ್ಜು ಕೊಡಬಹುದು. ಹೊರಡುವ ಮುನ್ನ ಭೇಟಿಯ ದಿನ, ಬೇಕಾದ ಗುರುತಿನ ಚೀಟಿ ಯಾವುದೆಂದು ವಿಚಾರಿಸಿ ತಿಳಿಸಬಹುದು. ವಿಡಿಯೋ ಮೂಲಕ ಮಾತನಾಡಿಸುವ ಇ-ಮುಲಾಖಾತ್ ಏರ್ಪಾಡಿಗೆ ನಮ್ಮ ಯುವಕರು ಮೊಬೈಲಿನಲ್ಲಿ ನೋಂದಣಿ ಮಾಡಿಕೊಡಬಹುದು.

ಐದು, ಬೆಳೆದ ಮಕ್ಕಳನ್ನು ಮರೆಯದಿರುವುದು. ಹದಿನೆಂಟು ತುಂಬಿತೆಂದರೆ ಪ್ರಾಯೋಜಕತ್ವದ ನೆರವು ನಿಲ್ಲುತ್ತದೆ. ಪಾಲನಾ ಸಂಸ್ಥೆ ಬಿಟ್ಟು ಬಂದವರಿಗೆ ಮಾತ್ರ 21 ವರ್ಷದವರೆಗೆ ಅನುಪಾಲನೆಯ ಅವಕಾಶವಿದೆ. ಆದರೆ ಅವಮಾನ ನಿಲ್ಲುವುದಿಲ್ಲ. ಕೆಲಸ ಕೇಳಲು ಹೋದಾಗ, ಬಾಡಿಗೆ ಮನೆ ಹುಡುಕುವಾಗ, ಹೆಣ್ಣುಗಂಡಿನ ಮಾತುಕತೆಯಲ್ಲಿ ತಂದೆಯ ಹೆಸರು ಅಡ್ಡ ಬರುತ್ತದೆ. ಇಂಥ ಯುವಕನ ನಡತೆಗೆ ಜಾಮೀನಾಗಿ ನಿಂತು, ಈತನನ್ನು ನಾನು ಬಲ್ಲೆ ಎಂದು ಒಬ್ಬ ಹಿರಿಯರು ಹೇಳಿದರೆ ಬಾಗಿಲು ತೆರೆಯುತ್ತದೆ. ಯುವಕೂಟದಲ್ಲಿ, ಗಾನವೃಂದದಲ್ಲಿ, ಪೀಠಸೇವೆಯಲ್ಲಿ ಅವನಿಗೊಂದು ಸ್ಥಾನ ಇರಲಿ.

ಎರಡು ಎಚ್ಚರಿಕೆಗಳು

ಈ ಮಕ್ಕಳ ಪರ ನಿಲ್ಲುವುದೆಂದರೆ ಅಪರಾಧವನ್ನು ಹಗುರ ಮಾಡುವುದಲ್ಲ. ಪೆಟ್ಟು ತಿಂದವರ ಮನೆಯೂ ಇದೇ ಊರಿನಲ್ಲಿದೆ, ಕೆಲವೊಮ್ಮೆ ಇದೇ ಧರ್ಮಕೇಂದ್ರದಲ್ಲಿದೆ. ಅಲ್ಲಿಯೂ ಮಕ್ಕಳಿದ್ದಾರೆ. ಅವರಿಗೆ ನ್ಯಾಯ ಸಿಗಬೇಕು, ನಮ್ಮ ಭೇಟಿಯೂ ಸಿಗಬೇಕು. ದೂರು ಹಿಂತೆಗೆದುಕೊಳ್ಳಲು ಅವರನ್ನು ಒತ್ತಾಯಿಸುವುದು ದಯಾಕಾರ್ಯವಲ್ಲ.

ಇನ್ನೊಂದು, ಎಲ್ಲ ಮಕ್ಕಳೂ ಹೆತ್ತವರನ್ನು ನೋಡಬಯಸುವುದಿಲ್ಲ. ತಾಯಿಯನ್ನು ತಂದೆಯೇ ಕೊಂದ ಮನೆಗಳಿವೆ. ಮಗುವಿಗೇ ಕೇಡು ಮಾಡಿ ಸೆರೆ ಸೇರಿದವರಿದ್ದಾರೆ. ಅಂಥ ಮಗುವಿಗೆ ಕ್ಷಮೆಯ ಉಪದೇಶ ಮಾಡಿ ಸೆರೆಮನೆಯ ಬಾಗಿಲಿಗೆ ಎಳೆದೊಯ್ಯಬಾರದು. ಮಗುವಿನ ಸುರಕ್ಷತೆಯೂ ಇಷ್ಟವೂ ಮೊದಲು. ಕ್ಷಮೆ ದೇವರ ವರ, ಅದು ತನ್ನ ಕಾಲಕ್ಕೆ ಬರುತ್ತದೆ.

ಮನೆಯಲ್ಲಿ ಚರ್ಚಿಸಲು

1. ನಮ್ಮ ಕಿರು ಕ್ರೈಸ್ತ ಸಮುದಾಯದಲ್ಲಿ ಪೂಜೆಗೆ ಬರುವುದನ್ನು ನಿಲ್ಲಿಸಿದ ಮನೆ ಯಾವುದಾದರೂ ಇದೆಯೆ? ಕಾರಣ ಕೆದಕದೆ ಅವರ ಮನೆಗೆ ಹೋಗಿಬರಲು ನಮ್ಮಿಂದ ಸಾಧ್ಯವೆ?

2. ನಮ್ಮ ಮಗನ ತರಗತಿಯಲ್ಲಿ ಇಂಥ ಮಗುವಿದ್ದರೆ ಅವನ ಪಕ್ಕದಲ್ಲಿ ಕೂರಲು, ಜೊತೆಗೆ ಆಡಲು ನಮ್ಮ ಮಗನಿಗೆ ಏನು ಹೇಳಿಕೊಡುತ್ತೇವೆ?

3. ಯೆಹೆಜ್ಕೇಲನ 18ನೇ ಅಧ್ಯಾಯವನ್ನು ಒಟ್ಟಿಗೆ ಓದಿರಿ. ನಮ್ಮ ಮನೆಯಲ್ಲಿ ಇನ್ನು ಮುಂದೆ ಆಡಬಾರದ ಗಾದೆ ಯಾವುದು?

ಪ್ರಾರ್ಥನೆ

ಪ್ರಭುವೇ, ಬಂಧಿತರ ಬೇಗುದಿಯನ್ನು ನೀವು ಬಲ್ಲಿರಿ. ನಿಮ್ಮ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದಂತೆ, ಸೆರೆಯಲ್ಲಿರುವವರ ಮಕ್ಕಳನ್ನು ನಮ್ಮ ಕೈಗೆ ಒಪ್ಪಿಸಿದ್ದೀರಿ. ಅವರನ್ನು ಗುರುತಿಸುವ ಕಣ್ಣನ್ನೂ, ಅವರ ಪರವಾಗಿ ನುಡಿಯುವ ಧೈರ್ಯವನ್ನೂ, ಅವರ ಗುಟ್ಟನ್ನು ಕಾಯುವ ನಾಲಿಗೆಯನ್ನೂ ನಮಗೆ ದಯಪಾಲಿಸಿರಿ. ನೊಂದವರಿಗೆ ನ್ಯಾಯವನ್ನೂ, ತಪ್ಪಿದವರಿಗೆ ಪಶ್ಚಾತ್ತಾಪವನ್ನೂ, ಈ ಮಕ್ಕಳಿಗೆ ತಲೆಯೆತ್ತಿ ನಡೆಯುವ ಬಾಳನ್ನೂ ಕೊಡಿರಿ. ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.